ಹಂಚಿಗೆ ಪಾಚಿ ಹಚ್ಚುವ ಕೆಲಸ

ಕಳೆದ ತಿಂಗಳು ಒಂದು ಫ್ಲ್ಯಾಟಿನ ಮಾಡೆಲ್ ಮುಗಿಸಿ ಕೊಟ್ಟೆ. 18 ಮಾಳಿಗೆಯದ್ದು. ನೂರಕ್ಕೆ ಒಂದು ಅಳತೆ, ಅಂದರೆ ನಿಜದ ಒಂದು ಮೀಟರ್ ನನ್ನ ಮೇಜಿನ ಮೇಲೆ ಒಂದು ಸೆಂಟಿಮೀಟರ್. ಮಂಗಳೂರಿನ ಬಿಲ್ಡರ್ ಒಬ್ಬರದು, ಹೆಸರು ಬೇಡ. ಅವರ ಇಂಜಿನಿಯರ್ ಬಂದು ಮೇಜಿಗೆ ಒಂದು ಸುತ್ತು ಹಾಕಿದರು. ಈಜುಕೊಳ, ಕಾರು, ಗೇಟು, ಬಾಲ್ಕನಿ ಎಲ್ಲ ಸರಿ ಇತ್ತು. ಹಿಂದಿನ ಗೋಡೆಗೆ ಬಂದಾಗ ಬಗ್ಗಿ ನೋಡಿದರು.

"ಇದು ಎಂತ ಮಾರ್ರೆ, ಇಲ್ಲಿ ಗಲೀಜಾಗಿದೆಯಲ್ಲ?"

ಗಲೀಜಲ್ಲ ಅದು. ನಾನೇ ಎಳೆದ ಗೆರೆ. ಬಚ್ಚಲಿನ ಕಿಟಕಿ ಉಂಟಲ್ಲ, ಅದರ ಕೆಳಗಿನ ಅಂಚಿನ ಎರಡು ತುದಿಯಿಂದ ಕೆಳಗೆ ಇಳಿಯುವ ಎರಡು ಕಪ್ಪು ಗೆರೆ. ಮೇಲೆ ದಪ್ಪ, ಕೆಳಗೆ ಹೋದ ಹಾಗೆ ಸಪೂರ. ಮಂಗಳೂರಲ್ಲಿ ಮೂರು ಮಳೆಗಾಲ ಕಂಡ ಯಾವ ಗೋಡೆಯಲ್ಲಿ ಆ ಗೆರೆ ಇಲ್ಲ, ಹೇಳಿ. ನಾನೇನು ಯೋಚನೆ ಮಾಡಿ ಎಳೆದದ್ದಲ್ಲ. ಕೈಗೆ ಅಭ್ಯಾಸ, ಎಳೆದುಬಿಟ್ಟಿತು. ಅವರು ಕರ್ಚೀಫಿನ ತುದಿ ಒದ್ದೆ ಮಾಡಿ ಒರೆಸಿದರು. ಪೆನ್ಸಿಲ್ ಪುಡಿ ಮತ್ತು ನೀರು ಬಣ್ಣ. ಒಂದೇ ಸಲಕ್ಕೆ ಹೋಯಿತು.

ಹದಿಮೂರು ವರ್ಷ ನನಗೆ ಸಂಬಳ ಸಿಗುತ್ತಿದ್ದದ್ದೇ ಇಂಥ ಗಲೀಜು ಮಾಡುವುದಕ್ಕೆ. 1986ರಿಂದ 1999ರವರೆಗೆ ಮದ್ರಾಸಿನಲ್ಲಿದ್ದೆ, ಸಿನಿಮಾಗಳಿಗೆ ಮಿನಿಯೇಚರ್ ಮಾಡಿಕೊಡುವ ಒಂದು ಶೆಡ್ಡಿನಲ್ಲಿ. ಒಡೆಯುವ ಅಣೆಕಟ್ಟು, ಪ್ರಪಾತಕ್ಕೆ ಉರುಳುವ ಬಸ್ಸು, ಬೆಂಕಿ ಹಿಡಿಯುವ ಗೋಡೌನು, ಮೋಡದ ಮೇಲಿನ ಅರಮನೆ. ಎಲ್ಲ ನಮ್ಮ ಮೇಜಿನ ಮೇಲೆ ಹುಟ್ಟಿ, ಹೆಚ್ಚಿನವು ನಮ್ಮ ಕಣ್ಣೆದುರೇ ಸಾಯುತ್ತಿದ್ದವು. ಟೈಟಲಿನಲ್ಲಿ ನನ್ನ ಹೆಸರು ಎಲ್ಲೂ ಇಲ್ಲ, ಹುಡುಕಬೇಡಿ.

ನಾನು ಹುಟ್ಟಿದ್ದು ಮಲ್ಪೆಯಲ್ಲಿ. ಅಪ್ಪ ಬೋಟಿನ ಆಚಾರಿ. ಮರದ ಬೋಟು ಕಟ್ಟುವಾಗ ಅವರು ಕಾಗದ, ನಕ್ಷೆ ಅಂತ ಇಟ್ಟುಕೊಂಡವರಲ್ಲ. ಕಣ್ಣಲ್ಲೇ ಅಳತೆ. ನಾವು ಮಕ್ಕಳು ಮಳೆಗಾಲದಲ್ಲಿ ಅಂಗಳದ ನೀರಿನಲ್ಲಿ ಅಡಿಕೆ ಹಾಳೆಯ ದೋಣಿ ಬಿಡುತ್ತಿದ್ದೆವು. ಹನ್ನೆರಡನೇ ವಯಸ್ಸಿಗೆ ನಾನು ಅಪ್ಪ ಬಿಸಾಡಿದ ಮರದ ಚೂರಿನಿಂದ ಒಂದು ಬೋಟು ಮಾಡಿದೆ. ಒಂದೂವರೆ ಅಡಿ ಉದ್ದ. ಕ್ಯಾಬಿನ್ನು, ಬಲೆ ಎಳೆಯುವ ರಾಟೆ ಎಲ್ಲ ಇತ್ತು. ಬಣ್ಣವೂ ಹೊಡೆದಿದ್ದೆ. ಅಪ್ಪ ತಿರುಗಿಸಿ ತಿರುಗಿಸಿ ನೋಡಿದರು. ತುಳುವಿನಲ್ಲಿ ಹೇಳಿದ ಮಾತು, ಕನ್ನಡದಲ್ಲಿ ಹೀಗೆ: "ಚಂದ ಉಂಟು. ಆದ್ರೆ ಇದು ಮೀನಿಗೆ ಹೋದ ಬೋಟು ಅಲ್ಲ."

ನನಗೆ ಅಳು ಬಂದಿತ್ತು. ಅರ್ಥ ಆದದ್ದು ಹತ್ತು ವರ್ಷ ಬಿಟ್ಟು, ಅದೂ ಬೇರೆಯವರ ಬೈಗುಳದಿಂದ.

ಮದ್ರಾಸಿಗೆ ಹೋದ ಮೊದಲ ವರ್ಷ ನನಗೆ ಕೊಟ್ಟ ಕೆಲಸ ಹಂಚು ಮಾಡುವುದು. ಮೇಸ್ತ್ರಿ ತಮಿಳರು, ಅರವತ್ತು ದಾಟಿದವರು. ಊರು ಯಾವುದು ಅಂತ ಕೇಳಿದರು. ಉಡುಪಿ ಅಂದರೆ ಅವರಿಗೆ ಹೋಟೆಲು ಮಾತ್ರ ನೆನಪಾದೀತು ಅಂತ "ಮಂಗಳೂರು ಕಡೆ" ಅಂದೆ. "ಹಾಗಾದ್ರೆ ಹಂಚು ನೀನೇ ಮಾಡು" ಅಂದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ಹತ್ತಿರ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ದೇಶ ವಿದೇಶಕ್ಕೆಲ್ಲ ಮಂಗಳೂರು ಹಂಚು ಹೋಯಿತಲ್ಲ, ಆ ಹಂಚು ಮಾಡಲಿಕ್ಕೆ ನಾನು ರೈಲು ಹತ್ತಿ ಮದ್ರಾಸಿಗೇ ಹೋಗಬೇಕಾಯಿತು!

ಅದು ನೆರೆಯಲ್ಲಿ ಕೊಚ್ಚಿಹೋಗುವ ಒಂದು ಮನೆ. ಹದಿನಾರಕ್ಕೆ ಒಂದು ಅಳತೆ. ನಿಜದ ಹಂಚು ಸುಮಾರು 16 ಇಂಚು ಉದ್ದ, ಹಾಗಾಗಿ ನನ್ನದು ಒಂದಿಂಚು. ಹಿತ್ತಾಳೆಯಲ್ಲಿ ಅಚ್ಚು ಕೆತ್ತಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು, ಒಣಗಿಸಿ, ಅಂಚು ಉಜ್ಜಿ ಒಂದೊಂದಾಗಿ ತೆಗೆಯಬೇಕು. ಎರಡು ಸಾವಿರ ಚಿಲ್ಲರೆ ಮಾಡಿದೆ. ಎಲ್ಲಕ್ಕೂ ಒಳ್ಳೆಯ ಇಟ್ಟಿಗೆ ಕೆಂಪು ಬಣ್ಣ. ಮಾಡಿನ, ಅಂದರೆ ಸೂರಿನ ಮೇಲೆ ಸಾಲಾಗಿ ಜೋಡಿಸಿ, ದೂರ ನಿಂತು ನೋಡಿ, ನನಗೇ ಖುಷಿಯಾಯಿತು.

ಮೇಸ್ತ್ರಿ ಬಂದು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಈ ಮನೆಯಲ್ಲಿ ಅಡುಗೆಮನೆ ಎಲ್ಲಿದೆ?"

ನನಗೆ ತಲೆಬುಡ ತಿಳಿಯಲಿಲ್ಲ. ಹೊರಗಿನಿಂದ ಕಾಣುವ ಮಾಡೆಲ್ಲು, ಒಳಗೆ ಪೂರ್ತಿ ಖಾಲಿ. ಅಡುಗೆಮನೆ ಎಲ್ಲಿಂದ ಬರಬೇಕು? ಅವರು ಮತ್ತೇನೂ ಹೇಳದೆ ಹೋದರು. ಜೊತೆಯ ಹುಡುಗ ನಕ್ಕ. ಹೆಚ್ಚು ವಿವರಿಸುವ ಜನ ಅಲ್ಲ ಅವರು. ಬೈದರೆ ಬೈದರು, ಮತ್ತೆ ನಾವೇ ಕಂಡುಕೊಳ್ಳಬೇಕು.

ಆ ಆಟಿ ತಿಂಗಳಲ್ಲಿ ಅಜ್ಜಿ ತೀರಿಹೋದರು ಅಂತ ಊರಿಗೆ ಬಂದೆ. ಹೊರಗೆ ಹೋಗಲಾಗದ ಹಾಗೆ ಮಳೆ. ಚಾವಡಿಯಲ್ಲಿ ಕೂತು ಎದುರುಮನೆಯ ಮಾಡನ್ನು ನೋಡುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಎರಡನೇ ದಿನ ಕಂಡಿತು. ಆ ಮಾಡಿನ ಒಂದು ಮೂಲೆ ಮಾತ್ರ ಕಪ್ಪು, ಮಸಿ ಕಪ್ಪು. ಒಲೆಯ ಹೊಗೆ ಹಂಚಿನ ಸಂದಿಯಿಂದ ಹೊರಗೆ ಬರುವ ಜಾಗ ಅದು. ಅಡುಗೆಮನೆ ಅಲ್ಲಿದೆ! ಹಲಸಿನ ಮರದ ಕೆಳಗಿನ ಭಾಗದಲ್ಲಿ ಹಸಿರು ಪಾಚಿ. ಬಿಸಿಲು ಬೀಳುವ ಕಡೆ ಒಣಗಿ ಬೂದಿಯಾದ ಪಾಚಿ. ತೆಂಗಿನಕಾಯಿ ಬಿದ್ದು ಒಡೆದಲ್ಲಿ ಮೂರು ಹೊಸ ಹಂಚು, ಹಳೆ ಅಂಗಿಗೆ ಹಾಕಿದ ತೇಪೆಯ ಹಾಗೆ. ನಡುವಿನ ಪಕಾಸು ಎಲ್ಲೋ ಸ್ವಲ್ಪ ಬಾಗಿದೆ, ಹಾಗಾಗಿ ಹಂಚಿನ ಸಾಲು ನೇರ ಇಲ್ಲ, ಹೊಟ್ಟೆ ಬಿಟ್ಟಿದೆ. ಹುಟ್ಟಿದಾಗಿನಿಂದ ಅದೇ ಮಾಡು ನನ್ನ ಕಣ್ಣೆದುರು ಇತ್ತು, ಒಂದು ದಿನ ನೋಡಿರಲಿಲ್ಲ.

ವಾಪಸು ಹೋಗಿ ಇಡೀ ಮಾಡು ಕಿತ್ತೆ. ಸಾಲು ಸ್ವಲ್ಪ ಬಗ್ಗಿಸಿದೆ. ಕಣ್ಣ ಚಾ, ಅಂದರೆ ಹಾಲು ಹಾಕದ ಚಾ ಕುದಿಸಿ ಅದರ ನೀರನ್ನೇ ಒಂದು ಕೈ ಬಳಿದೆ. ಪೆನ್ಸಿಲ್ ಪುಡಿ, ಇದ್ದಿಲ ಪುಡಿ, ಮರದ ಹೊಟ್ಟಿಗೆ ಹಸಿರು ಹಾಕಿ ಅರೆದದ್ದು. ನಾಲ್ಕು ಹಂಚು ಮಾತ್ರ ಹೊಸದು. ಮೇಸ್ತ್ರಿ ನೋಡಿದರು, ಬೆರಳಿನಿಂದ ಒಂದು ಮೂಲೆ ತೋರಿಸಿ "ಅಡುಗೆಮನೆ" ಅಂದರು. ಅಷ್ಟೇ. ಆ ತಿಂಗಳಿಂದ ದಿನದ ಬಾಟಾ, ಅಂದರೆ ಭತ್ಯೆ, ಐದು ರೂಪಾಯಿ ಜಾಸ್ತಿಯಾಯಿತು.

ಸಣ್ಣದು ಮಾಡುವುದು ಕಷ್ಟವೇ ಅಲ್ಲ, ನಂಬಿ. ಸಣ್ಣ ಸಾಮಾನು ಜಾತ್ರೆಯಲ್ಲೂ ಸಿಗುತ್ತದೆ. ಕಷ್ಟ ಇರುವುದು ಅದನ್ನು ದೊಡ್ಡದು ಅಂತ ನಂಬಿಸುವುದರಲ್ಲಿ. ಹೊಸದಾಗಿ ಹೊಳೆಯುವ ವಸ್ತುವನ್ನು ಕಣ್ಣು ಆಟಿಕೆ ಅನ್ನುತ್ತದೆ. ಅದೇ ವಸ್ತುವಿಗೆ ಮಳೆ ಬಿಸಿಲು ತಾಗಿದ ಗುರುತು ಕಂಡರೆ, ಇದು ಎಲ್ಲೋ ನಿಂತಿತ್ತು, ಯಾರೋ ಬಳಸಿದ್ದಾರೆ ಅಂತ ಒಪ್ಪಿಕೊಳ್ಳುತ್ತದೆ. ಹಾಗಂತ ಗುರುತು ಎಲ್ಲೆಂದರಲ್ಲಿ ಹಾಕಿದರೂ ಆಗದು. ನೀರು ಮೇಲಿನಿಂದ ಕೆಳಗೇ ಇಳಿಯಬೇಕು. ತುಕ್ಕು ಮೊಳೆಯಿಂದಲೇ ಹೊರಡಬೇಕು.

ಎಷ್ಟೋ ವರ್ಷದ ಮೇಲೆ, ಇಂಟರ್‌ನೆಟ್ ಬಂದಾಗ, ಇಂಗ್ಲೆಂಡಿನ ಡೆರೆಕ್ ಮೆಡಿಂಗ್ಸ್ ಮಾಡಿದ ಕೆಲಸಗಳನ್ನು ನೋಡಿದೆ. ಟಿವಿಯ ಥಂಡರ್‌ಬರ್ಡ್ಸ್, ಆಮೇಲೆ ಜೇಮ್ಸ್ ಬಾಂಡ್ ಸಿನಿಮಾಗಳ ಮಿನಿಯೇಚರ್ ಅವರದ್ದು. ಹೊಸ ಮಾಡೆಲ್ಲಿಗೆ ಕೊಳೆ ಹಿಡಿಸಿದ ಮೇಲೇ ಕ್ಯಾಮೆರಾ ಎದುರು ಇಡುತ್ತಿದ್ದರಂತೆ. ಓದುವಾಗ ನಗು ಬಂತು, ನಮ್ಮ ಮೇಸ್ತ್ರಿಯೇ ಅಲ್ವಾ ಇದು! 1979ರ ಮೂನ್‌ರೇಕರ್‌ನಲ್ಲಿ ಬಾಹ್ಯಾಕಾಶ ನೌಕೆ ಮೇಲೆ ಹೋಗುವಾಗ ಹಿಂದೆ ಬಿಳಿ ಹೊಗೆಯ ಬಾಲ ಕಾಣುತ್ತದೆ. ಅದು ಮಾಡೆಲ್ಲಿನಿಂದ ಕೆಳಗೆ ಸುರಿದ ಉಪ್ಪು! ಕೋಟಿ ಖರ್ಚಿನ ಸಿನಿಮಾದಲ್ಲಿ ಅಡುಗೆಮನೆಯ ಉಪ್ಪು.

ಎರಡನೇ ಪಾಠ ಸಮಯದ್ದು. ಇದಕ್ಕೆ ಲೆಕ್ಕ ಉಂಟು, ಸ್ವಲ್ಪ ತಾಳ್ಮೆ ಇರಲಿ.

50 ಅಡಿಯ ತೆಂಗಿನಮರ. ಮೇಲಿನಿಂದ ಕಾಯಿ ಬಿದ್ದರೆ ನೆಲ ಮುಟ್ಟಲು ಒಂದೂಮುಕ್ಕಾಲು ಸೆಕೆಂಡು ಬೇಕು. ಅದೇ ಮರವನ್ನು ನಾನು 1/25 ಅಳತೆಯಲ್ಲಿ ಮಾಡಿದರೆ ಎರಡಡಿ ಎತ್ತರ. ಎರಡಡಿಯಿಂದ ಬೀಳಲು ಸೆಕೆಂಡಿನ ಮೂರನೇ ಒಂದು ಪಾಲಿಗಿಂತ ಚೂರು ಜಾಸ್ತಿ ಸಾಕು. ನಾನು ಮರವನ್ನು ಸಣ್ಣ ಮಾಡಬಹುದು, ಭೂಮಿಯ ಸೆಳೆತವನ್ನು ಸಣ್ಣ ಮಾಡಲಿಕ್ಕೆ ಬರುವುದಿಲ್ಲ. ಹಾಗಾಗಿ ಕಾಯಿ ಟಪ್ ಅಂತ ಬಿದ್ದುಬಿಡುತ್ತದೆ, ನೋಡುವವನಿಗೆ ಗೊತ್ತಾಗಿಬಿಡುತ್ತದೆ. ಉಪಾಯ ಕ್ಯಾಮೆರಾದಲ್ಲಿ. ಅಳತೆಯ ವರ್ಗಮೂಲ ತೆಗೆಯಿರಿ. 25ರದ್ದು 5. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಚಿತ್ರ, ಅದನ್ನು ಐದರಿಂದ ಗುಣಿಸಿದರೆ 120. ಸೆಕೆಂಡಿಗೆ 120 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಕಾಯಿಗೆ ತನ್ನ ಒಂದೂಮುಕ್ಕಾಲು ಸೆಕೆಂಡು ವಾಪಸು ಸಿಗುತ್ತದೆ. ನೆರೆಗೆ ಕೊಚ್ಚಿಹೋಗುವ ನನ್ನ ಮನೆಗೆ 16ರ ವರ್ಗಮೂಲ 4, ಅಂದರೆ 96 ಫ್ರೇಮು. ಭಾರ ಅಂತ ಪರದೆಯ ಮೇಲೆ ನಮಗೆ ಅನ್ನಿಸುವುದು ಈ ನಿಧಾನವೇ.

ಲೆಕ್ಕ ಸುಲಭ, ಅದರ ಬಿಲ್ಲು ಬರುವುದು ಲೈಟಿನಲ್ಲಿ. ಫ್ರೇಮು ಜಾಸ್ತಿಯಾದ ಹಾಗೆ ಒಂದೊಂದು ಫ್ರೇಮಿಗೆ ಬೀಳುವ ಬೆಳಕು ಕಡಿಮೆ. ಅದರ ಮೇಲೆ, ಹತ್ತಿರದಿಂದ ತೆಗೆಯುವಾಗ ಮುಂದಿನದು ಹಿಂದಿನದು ಎರಡೂ ಚೊಕ್ಕ ಕಾಣಬೇಕಾದರೆ ಲೆನ್ಸಿನ ಕಂಡಿ ಚಿಕ್ಕದು ಮಾಡಬೇಕು. ಎರಡಕ್ಕೂ ಮದ್ದು ಒಂದೇ, ಇನ್ನೂ ಲೈಟು ತಂದು ಸುರಿಯುವುದು. ಮದ್ರಾಸಿನ ಮೇ ತಿಂಗಳು, ತಗಡು ಹೊದೆಸಿದ ಶೂಟಿಂಗ್ ಫ್ಲೋರು, ಫ್ಯಾನ್ ಹಾಕುವ ಹಾಗಿಲ್ಲ. ಫ್ಯಾನ್ ಹಾಕಿದರೆ ನನ್ನ ಮರಗಳು ಬಿರುಗಾಳಿಗೆ ಸಿಕ್ಕಿದ ಹಾಗೆ ಅಲ್ಲಾಡುತ್ತಿದ್ದವು. ಪ್ಲಾಸ್ಟಿಕ್ ಕಂಬ ಬಿಸಿಗೆ ಬಾಗುತ್ತಿತ್ತು. ನಾವೂ.

ಕ್ಯಾಮೆರಾ ಎಲ್ಲಿಡುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. 1/25ರಲ್ಲಿ ಮನುಷ್ಯನ ಕಣ್ಣಿನ ಎತ್ತರ ಎರಡೂವರೆ ಇಂಚು. ಲೆನ್ಸು ಅಲ್ಲಿಗೆ ಇಳಿಯಬೇಕು. ಕಾರ್ಕಳದ 42 ಅಡಿಯ ಗೊಮ್ಮಟನನ್ನು ನಾವು ತಲೆ ಎತ್ತಿ ನೋಡುತ್ತೇವೆ, ಅದಕ್ಕೇ ಅವನು ದೊಡ್ಡವನು. ಅವನ ಇಪ್ಪತ್ತು ಇಂಚಿನ ಮಾಡೆಲ್ಲನ್ನು ನಿಂತುಕೊಂಡು ಮೇಲಿನಿಂದ ತೆಗೆದರೆ ಶೋಕೇಸಿನ ಗೊಂಬೆ. ಇನ್ನು ದೂರದ ಬೆಟ್ಟ. ಮಣಿಪಾಲದ ಗುಡ್ಡದಲ್ಲಿ ನಿಂತರೆ ಘಟ್ಟ ನೀಲಿಯಾಗಿ, ಮಸುಕಾಗಿ ಕಾಣುತ್ತದಲ್ಲ, ಅಷ್ಟು ಮೈಲಿಯ ಗಾಳಿ ನಡುವೆ ಇದೆ. ನಮ್ಮ ಫ್ಲೋರಿನಲ್ಲಿ ಇರುವುದು ಹದಿನೈದು ಅಡಿ ಗಾಳಿ. ಹಾಗಾಗಿ ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದೆವು. ಕೆಮ್ಮುತ್ತಾ ಕೆಮ್ಮುತ್ತಾ ಘಟ್ಟ ಕಟ್ಟಿದ್ದೇವೆ.

ಎಲ್ಲವನ್ನೂ ಏಮಾರಿಸಬಹುದು, ನೀರನ್ನು ಮಾತ್ರ ಆಗುವುದಿಲ್ಲ. ಸಮುದ್ರದ ಬದಿಯಲ್ಲಿ ಹುಟ್ಟಿದವನು ನಾನು, ನೀರಿನ ಶಾಟ್ ಅಂದರೆ ಮೊದಲು ಹೆದರುತ್ತಿದ್ದವನೂ ನಾನೇ. ಮನೆ ಸಣ್ಣದಾಗುತ್ತದೆ, ಮರ ಸಣ್ಣದಾಗುತ್ತದೆ, ನೀರಿನ ಹನಿ ಸಣ್ಣದಾಗುವುದಿಲ್ಲ. ಒಂದಿಂಚಿನ ಹಂಚಿನ ಮೇಲೆ ಬಿದ್ದ ಹನಿ ಪರದೆಯಲ್ಲಿ ಕಿತ್ತಳೆ ಹಣ್ಣಿನ ಗಾತ್ರ. ನೊರೆಯ ಗುಳ್ಳೆಯೂ ಹಾಗೆ. ಸೋಪಿನ ನೀರು ಬೆರೆಸಿ ನೀರಿನ ಬಿಗಿ ತಗ್ಗಿಸುವುದು, ಗಾಳಿ ಊದಿ ಹನಿ ಒಡೆಯುವುದು, ಏನೇನೋ ಮಾಡುತ್ತಿದ್ದೆವು. ನಿಜವಾದ ಪರಿಹಾರ ಮಾಡೆಲ್ಲನ್ನೇ ದೊಡ್ಡದು ಮಾಡುವುದು, ಅದಕ್ಕೆ ದುಡ್ಡು ಕೊಡುವವರಿಲ್ಲ. 1997ರ ಟೈಟಾನಿಕ್‌ಗೆ 1/20 ಅಳತೆಯ, ಸುಮಾರು 44 ಅಡಿಯ ಹಡಗು ಮಾಡಿದ್ದರು. ಅಷ್ಟು ದೊಡ್ಡದು ಮಾಡಿಯೂ ಅದರ ಸುತ್ತಲಿನ ಸಮುದ್ರವನ್ನು ಕಂಪ್ಯೂಟರಿನಲ್ಲಿ ಸೇರಿಸಿದರು. ಅದನ್ನು ತಿಳಿದಾಗ ನನ್ನ ಸೋಪಿನ ನೀರಿನ ಬಗ್ಗೆ ಇದ್ದ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ನೆರೆಗೆ ಕೊಚ್ಚಿಹೋಗುವ ಆ ಮನೆಯ ಕಥೆ ಮುಗಿಸುತ್ತೇನೆ. ನಾಲ್ಕು ತಿಂಗಳ ಕೆಲಸ, ಪರದೆಯ ಮೇಲೆ ಇರುವುದು ನಾಲ್ಕು ಸೆಕೆಂಡು. ಮನೆ ಬೀಳುವ ಮೊದಲು ಸುಮ್ನೆ ನಿಂತ ಮನೆಯ ಒಂದು ಶಾಟ್ ತೆಗೆದರು. ಮೂರು ದಿನ ಬಿಟ್ಟು ರಷಸ್, ಅಂದರೆ ತೊಳೆದು ಬಂದ ಕಚ್ಚಾ ಫಿಲ್ಮು ನೋಡಿದೆವು. ಮಾಡು ಎಷ್ಟು ಚಂದ ಬಂದಿತ್ತು ಅಂದರೆ ನನಗೆ ಊರಿನ ವಾಸನೆ ಬಂದ ಹಾಗಾಯಿತು. ಅಷ್ಟರಲ್ಲಿ ಮಾಡಿನ ತುದಿಗೆ ಗುಬ್ಬಚ್ಚಿಯಷ್ಟು ದೊಡ್ಡ ನೊಣ ಬಂದು ಕೂತಿತು. ಕೂತು, ಮುಂದಿನ ಎರಡು ಕಾಲು ಉಜ್ಜಿಕೊಂಡಿತು, ನಿಧಾನವಾಗಿ, 96 ಫ್ರೇಮಿನಲ್ಲಿ. ಇಡೀ ಥಿಯೇಟರು ನಕ್ಕಿತು. ಮೇಸ್ತ್ರಿ ನಗಲಿಲ್ಲ. ಮರುದಿನದಿಂದ ಶಾಟ್ ತೆಗೆಯುವಾಗ ಒಬ್ಬ ಹುಡುಗನಿಗೆ ಬೀಸಣಿಗೆ ಹಿಡಿದು ನೊಣ ಓಡಿಸುವುದೇ ಡ್ಯೂಟಿ.

ಈ ಕೆಲಸ ನಾವು ಕಂಡುಹಿಡಿದದ್ದಲ್ಲ, ಬಿಡಿ. ಹಿಂದಿ ಸಿನಿಮಾಗಳ ಟ್ರಿಕ್ ಮಾಡುತ್ತಿದ್ದ ಬಾಬುಭಾಯಿ ಮಿಸ್ತ್ರಿ 1930ರ ದಶಕದಲ್ಲೇ ಕಪ್ಪು ದಾರದಲ್ಲಿ ವಸ್ತುಗಳನ್ನು ಕುಣಿಸಿ 'ಕಾಲಾ ಧಾಗಾ' ಅಂತಲೇ ಹೆಸರು ಪಡೆದವರು. 1957ರ ತೆಲುಗು ಸಿನಿಮಾ ಮಾಯಾಬಜಾರ್‌ನ ದ್ವಾರಕೆಯನ್ನು 50 ಅಡಿಗೆ 60 ಅಡಿ ಜಾಗದಲ್ಲಿ ಸುಮಾರು 300 ಪುಟ್ಟ ಮನೆ ಇಟ್ಟು ಕಟ್ಟಿದ್ದರು. ಕ್ಯಾಮೆರಾ ಹಿಡಿದವರು ಮಾರ್ಕಸ್ ಬಾರ್ಟ್ಲಿ. ಮೇಸ್ತ್ರಿಗೆ ಆ ದ್ವಾರಕೆ ಅಂದರೆ ದೇವರು. ಆ ಮನೆಗಳನ್ನು ಮಾಡಿದ ಕೈಗಳ ಹೆಸರು ನೀವು ಕೇಳಿದ್ದೀರಾ? ನಾನೂ ಕೇಳಿಲ್ಲ.

ಆದರೆ ಒಂದು ಮಾತು. ಊರಲ್ಲಿ ರಾತ್ರಿ ಇಡೀ ಆಟ ನೋಡಿ ಬೆಳೆದ ನನಗೆ ಆಗಾಗ ಅನ್ನಿಸುತ್ತಿತ್ತು, ಇಷ್ಟೆಲ್ಲ ಯಾಕೆ ಬೇಕು ಅಂತ. ಯಕ್ಷಗಾನದಲ್ಲಿ ಒಂದು ಮರದ ಪೀಠ ಇಟ್ಟು ಅದನ್ನೇ ಸಿಂಹಾಸನ ಅನ್ನುತ್ತಾರೆ, ಅದನ್ನೇ ರಥ ಅನ್ನುತ್ತಾರೆ. ಚೆಂಡೆಯ ಒಂದು ಪೆಟ್ಟಿಗೆ ರಥ ಹೊರಡುತ್ತದೆ. ಯಾರೂ ಚಕ್ರ ಎಲ್ಲಿ ಅಂತ ಕೇಳುವುದಿಲ್ಲ. ಅದೇ ಜನ ಸಿನಿಮಾಕ್ಕೆ ಬಂದರೆ ಮೊಳೆಯ ತುಕ್ಕು ಲೆಕ್ಕ ಹಾಕುತ್ತಾರೆ. ಮೇಸ್ತ್ರಿಗೆ ಒಮ್ಮೆ ಇದನ್ನು ಹೇಳಿದೆ. "ಅಲ್ಲಿ ನೋಡುವವನೂ ಕೆಲಸ ಮಾಡ್ತಾನೆ, ಇಲ್ಲಿ ಅವನು ದುಡ್ಡು ಕೊಟ್ಟು ಕೂತಿದ್ದಾನೆ" ಅಂದರು.

1993ರ ಜುರಾಸಿಕ್ ಪಾರ್ಕ್ ನಮ್ಮಲ್ಲಿಗೂ ಬಂತು. ಅದರ ಕೆಲವು ಡೈನೋಸಾರ್ ಕಂಪ್ಯೂಟರಿನಲ್ಲೇ ಮಾಡಿದ್ದು. ನಾವು ಶೆಡ್ಡಿನವರೆಲ್ಲ ಒಟ್ಟಿಗೆ ಹೋಗಿ ನೋಡಿದೆವು. ಹೊರಗೆ ಬಂದು ಚಾ ಕುಡಿಯುವಾಗ ಯಾರೂ ಮಾತಾಡಲಿಲ್ಲ. ಆಮೇಲಿನದ್ದು ನಿಮಗೂ ಗೊತ್ತು. ಕೆಲಸ ಕಡಿಮೆಯಾಯಿತು, ಬಂದ ಕೆಲಸಕ್ಕೆ ದುಡ್ಡು ಕಡಿಮೆಯಾಯಿತು. ಮೇಸ್ತ್ರಿ ತೀರಿಹೋದರು. 1999ರಲ್ಲಿ ಒಂದು ಟ್ರಂಕು ತುಂಬ ಉಪಕರಣ ಹಿಡಿದುಕೊಂಡು ಮಂಗಳೂರಿಗೆ ಬಂದೆ. ಮಿನಿಯೇಚರ್ ಸತ್ತೇಹೋಯಿತು ಅಂತ ಅಲ್ಲ. 2019ರ ಟಿವಿ ಸೀರಿಯಲ್ ಮಂಡಲೋರಿಯನ್‌ಗೆ ಮತ್ತೆ ಕೈಯಲ್ಲೇ ಒಂದು ನೌಕೆಯ ಮಾಡೆಲ್ ಮಾಡಿದರು. ಆದರೆ ಅದು ಪ್ರೀತಿಗೆ ಮಾಡುವ ಕೆಲಸ. ಹೊಟ್ಟೆಪಾಡಿಗೆ ಮಾಡುವವರು ಬೇರೆ ದಾರಿ ನೋಡಿದ್ದೇವೆ.

ನನ್ನ ದಾರಿ ಬಿಲ್ಡರುಗಳದ್ದು. ದೂರುವುದಿಲ್ಲ, ಮಕ್ಕಳ ಫೀಸು ಕಟ್ಟಿದ್ದು ಅದೇ. ಲೇಸರ್ ಮೆಷಿನ್ನು ಅಕ್ರಿಲಿಕ್ ಕತ್ತರಿಸಿ ಕೊಡುತ್ತದೆ. ಕಾರು, ಮನುಷ್ಯರು ಪ್ಯಾಕೆಟ್ಟಿನಲ್ಲಿ ಸಿಗುತ್ತಾರೆ. ಕೆಲಸ ಸುಲಭ. ಆದರೆ ಎಲ್ಲ ತಿರುಗುಮುರುಗು. ಅಲ್ಲಿ ಇವತ್ತು ಬೆಳಿಗ್ಗೆ ಮಾಡಿದ್ದನ್ನು ಐವತ್ತು ವರ್ಷ ಹಳೆಯದು ಅಂತ ತೋರಿಸಬೇಕಿತ್ತು. ಇಲ್ಲಿ ಇನ್ನೂ ಕಟ್ಟದೇ ಇರುವುದನ್ನು ಯಾವತ್ತೂ ಹಳೆಯದಾಗದು ಅಂತ ತೋರಿಸಬೇಕು. "ಮರ ಜಾಸ್ತಿ ಹಾಕಿ" ಅನ್ನುತ್ತಾರೆ. ತಂತಿ, ಸ್ಪಂಜು, ಹಸಿರು ಬಣ್ಣ, ಎಷ್ಟು ಬೇಕಾದರೂ ಹಾಕುತ್ತೇನೆ. ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ಹಾಕುವ ಹಾಗಿಲ್ಲ. ಮಂಗಳೂರಿನ ಹೆಚ್ಚಿನ ಫ್ಲ್ಯಾಟಿನ ತಲೆಯ ಮೇಲೆ ಸೋರುವುದಕ್ಕೆ ಹೆದರಿ ಹಾಕಿದ ಶೀಟಿನ ಮಾಡು ಇರುತ್ತದಲ್ಲ, ಒಂದು ಸಲ ಅದನ್ನೂ ಮಾಡಿ ಇಟ್ಟಿದ್ದೆ. ಆ ಬಿಲ್ಡರ್ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ತಮಾಷೆ ಮಾಡ್ತೀರಾ?" ಅಂದರು. ಬಾಕಿ ದುಡ್ಡು ಬರಲು ಎಂಟು ತಿಂಗಳಾಯಿತು.

ಅಕ್ಕನ ಮಗ ಬೆಂಗಳೂರಿನಲ್ಲಿ ಗ್ರಾಫಿಕ್ಸ್ ಕೆಲಸದಲ್ಲಿದ್ದಾನೆ. ಅವನ ಮೇಜಿನ ಮೇಲೆ ಪುಡಿಯೂ ಇಲ್ಲ, ಅಂಟೂ ಇಲ್ಲ, ಎರಡು ಸ್ಕ್ರೀನು ಮಾತ್ರ. ನಮ್ಮ ಹೊಟ್ಟೆಗೆ ಹೊಡೆದವನು ಅಂತ ನಾನು ತಮಾಷೆ ಮಾಡುವುದುಂಟು. ಹೋದ ವಾರ ಫೋನ್ ಮಾಡಿದ.

"ಮಾವ, ಒಂದು ಹಳೆ ಮನೆ ಮಾಡ್ತಾ ಇದ್ದೇನೆ. ಎಷ್ಟು ಮಾಡಿದ್ರೂ ಹೊಸದಾಗಿ ಕಾಣ್ತದೆ. ಅಲ್ಲಿ ಮಳೆ ಉಂಟಲ್ಲ, ನಾಲ್ಕು ಗೋಡೆಯ ಫೋಟೋ ತೆಗೆದು ಕಳಿಸ್ತೀರಾ?"

"ಅಡುಗೆಮನೆ ಎಲ್ಲಿ ಇಟ್ಟಿದ್ದಿ?" ಅಂತ ಕೇಳಿದೆ.

"ಎಂತದು?"

"ಏನಿಲ್ಲ, ಕಳಿಸ್ತೇನೆ."

ಮರುದಿನ ಕೊಡೆ ಹಿಡಿದುಕೊಂಡು ಜೆಪ್ಪು ಕಡೆ ಹೋದೆ. ಅಲ್ಲಿ ಒಂದು ಓಣಿಯ ಕೊನೆಯಲ್ಲಿ ಕೆಂಪುಕಲ್ಲಿನ ಹಳೆಯ ಮನೆ ಉಂಟು. ಗಾರೆ ಅಲ್ಲಲ್ಲಿ ಎದ್ದು ಒಳಗಿನ ಕಲ್ಲು ಕಾಣುತ್ತದೆ. ಕಿಟಕಿಯ ಕೆಳಗೆ ಎರಡು ಕಪ್ಪು ಗೆರೆ, ಮೇಲೆ ದಪ್ಪ, ಕೆಳಗೆ ಸಪೂರ. ಒಂದು ಗೆರೆ ನಡುವೆ ಮೊಳೆಗೆ ತಾಗಿ ಪಕ್ಕಕ್ಕೆ ತಿರುಗಿ ಮತ್ತೆ ಇಳಿದಿದೆ, ಅದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಫೋಟೋ ತೆಗೆಯುತ್ತಿದ್ದೆ. ವಯಸ್ಸಾದ ಒಬ್ಬ ಕ್ರಿಶ್ಚಿಯನ್ ಹೆಂಗಸು, ನಮ್ಮ ಕಡೆ ಬಾಯಿ ಅನ್ನುತ್ತೇವೆ, ಜಗಲಿಗೆ ಬಂದರು.

"ಮನೆ ಮಾರ್ಲಿಕ್ಕೆ ಇಲ್ಲ" ಅಂದರು.

"ಮನೆಗಲ್ಲ ಬಾಯಿ, ಗೋಡೆ ನೋಡ್ಲಿಕ್ಕೆ ಬಂದದ್ದು."

ಅವರು ಮೆಟ್ಟಿಲು ಇಳಿದು ಬಂದು, ನನ್ನ ಪಕ್ಕ ನಿಂತು, ತಮ್ಮ ಗೋಡೆಯನ್ನು ತಾವೂ ನೋಡಿದರು. ಸ್ವಲ್ಪ ನಾಚಿಕೆಯಾದ ಹಾಗೆ ಕಂಡಿತು.

"ಮಳೆ ಒಮ್ಮೆ ಹೋಗ್ಲಿ," ಅಂದರು. "ಕ್ರಿಸ್‌ಮಸ್ಸಿಗೆ ಬಣ್ಣ ಹೊಡಿಸ್ಲಿಕ್ಕೆ ಉಂಟು."

ಅಷ್ಟರೊಳಗೆ ಇನ್ನೊಂದು ಸಲ ಬರುತ್ತೇನೆ ಅಂದೆ.